ಯಾವ ಚಾನೆಲ್ ಅಂತ ಕೇಳ್ಬೇಡಿ, ನಿಮ್ಮ ಪಂಚಾಯ್ತಿಯ ಠರಾವು ಪುಸ್ತಕ ಕೇಳಿ

ದಿನಾ ಎರಡು ತಾಸು ನ್ಯೂಸ್ ನೋಡ್ತೀರಿ, ಯಾರು ಯಾವ ಬಣ, ಯಾರಿಗೆ ಯಾವ ಖಾತೆ ಎಲ್ಲಾ ಬಾಯಿಪಾಠ, ಆದ್ರೆ ನಿಮ್ಮೂರ ರಸ್ತೆ ಯಾಕೆ ಆಗ್ತಿಲ್ಲ ಅನ್ನೋದು ಮಾತ್ರ ಗೊತ್ತಾಗ್ತಿಲ್ಲ, ಹಾಗಾಗಿ ರಾಜ್ಯ ಸರ್ಕಾರದ ವಿಷಯ ಲೋಕಲ್ ರಾಜಕೀಯ ಎಲ್ಲ ಸರಿಯಾಗಿ ಅರ್ಥ ಆಗೋಕೆ ಯಾವ ತಟಸ್ಥ ಚಾನೆಲ್ ನೋಡ್ಬೇಕು ಅಂತ ಕೇಳಿದೀರಿ. 2016ರಲ್ಲಿ ನನ್ನ ಪರಿಸ್ಥಿತಿನೂ ಇದೇ ಇತ್ತು, ಅದಕ್ಕೇ ಉದ್ದ ಬರೀತಿದೀನಿ.

ನಮ್ಮೂರು ಅಂಕೋಲಾ ತಾಲೂಕಲ್ಲಿ ಘಟ್ಟದ ಬುಡಕ್ಕೆ. ನಮ್ಮ ಕೇರಿಲಿ ಹದಿನಾಲ್ಕು ಮನೆ, ಕೇರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟ್ಬಹುದು. ಮಳೆಗಾಲಕ್ಕೆ ಮೊದಲು, ಮೇ ಕೊನೆಗೆ, ಮನೆಗೊಬ್ರು ಬಂದು ಸಂಕ, ಅಂದ್ರೆ ದಾಟೋಕೆ ಸಣ್ಣ ಕಾಲುಸೇತುವೆ, ಹಾಕ್ತಿದ್ವಿ. ಎರಡು ಅಡಿಕೆ ಮರ ಅಡ್ಡ ಕೆಡವಿ, ಮೇಲೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಬಡಿದು, ಒಂದೇ ಬದಿಗೆ ಬಿದಿರಿನ ಹಿಡಿಕೆ ಕಟ್ಟೋದು. ಜುಲೈ ಹೊತ್ತಿಗೆ ದಬ್ಬೆ ಮೇಲೆ ಪಾಚಿ ಹಿಡೀತದೆ, ಶಾಲೆಗೆ ಹೋಗೋ ಮಕ್ಳು ಚಪ್ಪಲಿ ಕೈಲಿ ಹಿಡ್ಕೊಂಡು ಬರಿಗಾಲಲ್ಲಿ ದಾಟೋರು. ಡೇರಿಗೆ ಹಾಲು ಹೋಗೋದು ರೇಷನ್ ಅಕ್ಕಿ ಬರೋದು ಎಲ್ಲಾ ಅದರ ಮೇಲೇ. ನಮ್ಮ ಜಿಲ್ಲೆಲಿ ಇಂಥ ಸಂಕ ಎಷ್ಟು ಊರಲ್ಲಿ ಇತ್ತು ಅಂತ ಈ ಕಡೆಯವರಿಗೆ ಹೇಳೋದೇ ಬೇಡ.

ನಾನು ಆವಾಗ ಊರಲ್ಲಿ ರಾಜಕೀಯ ಗೊತ್ತಿರೋ ಹುಡುಗ ಅಂತಲೇ ಲೆಕ್ಕ. ಶಾಸಕರ ಹತ್ರ ಹೋಗಿ ಕಾಲುಸಂಕ ಬೇಕು ಅಂತ ಪತ್ರ ಕೊಟ್ವಿ. ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇರ್ತದೆ, ಅದು ಜಿಲ್ಲಾಧಿಕಾರಿ ಮೂಲಕ ಖರ್ಚಾಗ್ತದೆ. ಅದ್ರಲ್ಲೇ ನಮ್ಮ ಸಂಕಕ್ಕೆ ಹಣ ಇಟ್ರು. ಕಾಂಕ್ರೀಟ್ ಸಂಕ, ಎರಡೂ ಬದಿ ಕಬ್ಬಿಣದ ಹಿಡಿಕೆ. ಕೇರಿಲಿ ಪಾಯಸ ಮಾಡಿ ಊಟ ಹಾಕಿದ್ವಿ.

ಆಮೇಲೆ ಎರಡು ತಿಂಗಳು ಏನೂ ಸುದ್ದಿ ಇಲ್ಲ. ಕೇಳಿದ್ರೆ "ಫಾರೆಸ್ಟಿನೋರು ಬಿಡ್ತಿಲ್ಲ" ಅಂದ್ರು. ಯಾಕೆ ಬಿಡ್ತಿಲ್ಲ, ಏನು ಕೊಟ್ರೆ ಬಿಡ್ತಾರೆ ಅಂತ ನಾನು ಕೇಳ್ಲೇ ಇಲ್ಲ. ಎದುರು ಪಕ್ಷದ ಒಬ್ಬ ಮುಖಂಡ ತಡೆ ಹಾಕ್ಸಿದಾನೆ ಅಂತ ಮನಸಲ್ಲೇ ತೀರ್ಮಾನ ಮಾಡ್ಕೊಂಡೆ, ಯಾಕಂದ್ರೆ ನ್ಯೂಸಲ್ಲಿ ದಿನಾ ನೋಡಿದ್ದು ಅದೇ ತಾನೇ, ಒಬ್ಬ ಮಾಡ್ತಾನೆ ಇನ್ನೊಬ್ಬ ತಡೀತಾನೆ. ವಾಟ್ಸಾಪ್ ಗ್ರೂಪಲ್ಲೂ ಅದನ್ನೇ ಬರ್ದೆ. ಆ ಮನುಷ್ಯನಿಗೂ ಈ ಕಡತಕ್ಕೂ ಸಂಬಂಧನೇ ಇರ್ಲಿಲ್ಲ, ಆಮೇಲೆ ಅವ್ರ ಮನೆಗೇ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ.

ನವೆಂಬರಲ್ಲಿ ಒಬ್ಬ ಸಚಿವರು ಕಾರವಾರಕ್ಕೆ ಬರ್ತಾರೆ ಅಂತ ಗೊತ್ತಾಯ್ತು. ಎರಡು ಟೆಂಪೋ ಮಾಡ್ಕೊಂಡು ಇಡೀ ಕೇರಿನ ಕರ್ಕೊಂಡು ಹೋದೆ, ಮನವಿ ಕೊಟ್ವಿ, ಫೋಟೋ ಪೇಪರಲ್ಲೂ ಬಂತು. ಮನವಿಯ ಎರಡನೇ ಪ್ರತಿ ಮೇಲೆ ಸೀಲು ಹಾಕಿಸ್ಕೊಳ್ಳೋದು ಕೂಡ ನನಗೆ ತೋಚಲಿಲ್ಲ. ಅವತ್ತೇ ನಮ್ಮ ಪಂಚಾಯ್ತಿಲಿ ಗ್ರಾಮಸಭೆ ಇತ್ತು. ಡಂಗುರ ಹೊಡೆದಿದ್ರು, ನೋಟೀಸ್ ಅಂಟಿಸಿದ್ರು, ನಾನೂ ಓದಿದ್ದೆ. "ಅಲ್ಲಿ ಏನಾಗ್ತದೆ, ಸಹಿ ಹಾಕಿಸ್ಕೊಂಡು ಚಾ ಕೊಟ್ಟು ಕಳಿಸ್ತಾರೆ, ಮಂತ್ರಿನೇ ಸಿಗೋವಾಗ ಪಂಚಾಯ್ತಿ ಯಾಕೆ" ಅಂತ ಕೇರಿಯವರಿಗೆ ನಾನೇ ಹೇಳಿದ್ದು.

ನನ್ನ ತಪ್ಪು ಇದೇ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ಆ ಹಳ್ಳದ ಎರಡೂ ದಡ ದಾಖಲೆಲಿ ಅರಣ್ಯ. ಉತ್ತರ ಕನ್ನಡದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗ ಅರಣ್ಯವೇ, ಹಾಗಾಗಿ ಇದು ದೊಡ್ಡ ಮಾತೇನಲ್ಲ. ಅರಣ್ಯ ಜಾಗದಲ್ಲಿ ಶಾಸಕರು ಹಣ ಇಟ್ಟ ಮಾತ್ರಕ್ಕೆ ಕಾಮಗಾರಿ ಮಾಡೋ ಹಾಗಿಲ್ಲ. ಆದ್ರೆ ದಾರಿ ಮುಚ್ಚಿರ್ಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅಂದ್ರೆ ನಮ್ಮಲ್ಲಿ ಎಲ್ರೂ ಅತಿಕ್ರಮಣ ಸಕ್ರಮದ ಕಾಯ್ದೆ ಅಂತ ಮಾತ್ರ ತಿಳ್ಕೊಂಡಿದಾರೆ. ಅದ್ರಲ್ಲೇ 3(2) ಅಂತ ಒಂದು ಕಲಮು ಇದೆ. ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯೋ ನೀರಿನ ಪೈಪು, ಕರೆಂಟ್ ಲೈನು, ರಸ್ತೆ ಹೀಗೆ 13 ಥರದ ಸಾರ್ವಜನಿಕ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡ್ಬಹುದು, ಕಡಿಯೋ ಮರ ಹೆಕ್ಟೇರಿಗೆ 75 ಮೀರಬಾರ್ದು. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಜಾಗ ನೋಡಿ ವರದಿ ಕೊಡ್ತಾರೆ, ಅವರ ಮೇಲಿನ ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ಒಪ್ಪಿಗೆ ಕೊಡ್ತಾರೆ, ದೆಹಲಿವರೆಗೆ ಕಡತ ಹೋಗೋದು ಬೇಡ. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು, ಅಂದ್ರೆ ಸಭೆಲಿ ತೀರ್ಮಾನ ಆಗಿ ಪುಸ್ತಕದಲ್ಲಿ ಬರೆದ ಠರಾವು (ನಿರ್ಣಯ). ಮಂತ್ರಿ ಬರೆದ್ರೂ ಆಗಲ್ಲ, ಶಾಸಕರು ಬರೆದ್ರೂ ಆಗಲ್ಲ, ಗ್ರಾಮಸಭೆ ಠರಾವು ಅಂದ್ರೆ ಗ್ರಾಮಸಭೆ ಠರಾವು.

ಅವತ್ತಿನ ಸಭೆಗೆ ನಮ್ಮ ಕೇರಿಯಿಂದ ಹೋದವರು ಒಬ್ರೇ, ಟೆಂಪೋ ಹತ್ತೋಕೆ ಆಗದ ಒಬ್ಬ ಅಜ್ಜಿ. ಅವ್ರು ಎದ್ದು ನಿಂತು ಹೇಳಿದಾರೆ. ನಡಾವಳಿಲಿ ಬರ್ಕೊಂಡಿದ್ದು ಹೀಗೆ: "ಹಳ್ಳಕ್ಕೆ ಸಂಕ ಬೇಕೆಂದು ಕೋರಿದರು." ಅಷ್ಟೇ. ಕೋರಿದರು ಅಂದ್ರೆ ಅದು ಮನವಿ, ಠರಾವು ಆಗಲ್ಲ. ಸರ್ವೆ ನಂಬರ್ ಇಷ್ಟು, ಜಾಗ ಇಷ್ಟು ಗುಂಟೆ, ಇಂಥ ಕಾಯ್ದೆಯ ಇಂಥ ಕಲಮಿನ ಪ್ರಕಾರ ಶಿಫಾರಸು ಮಾಡಲು ಸಭೆ ತೀರ್ಮಾನಿಸಿದೆ, ಸೂಚಕರು ಇವರು, ಅನುಮೋದಕರು ಇವರು, ಹಾಜರಿದ್ದವರ ಸಹಿ, ಇಷ್ಟು ಇದ್ರೆ ಅದು ಠರಾವು. ಅಜ್ಜಿ ತನ್ನ ಪಾಲಿನ ಕೆಲಸ ಮಾಡಿದ್ರು. ಆ ನಾಲ್ಕು ಸಾಲು ಬರೆಸೋಕೆ ಬೇಕಾದ ಓದು ಬರಹ ಇದ್ದ ನಾನು, ಕೈ ಎತ್ತಬೇಕಾಗಿದ್ದ ನಲವತ್ತು ಜನರನ್ನೂ ಕರ್ಕೊಂಡು ಕಾರವಾರದಲ್ಲಿ ಹಾರ ಹಿಡ್ಕೊಂಡು ನಿಂತಿದ್ದೆ.

ಮಾರ್ಚ್ ಬಂತು. ಕಾಮಗಾರಿ ಶುರುವಾಗಿಲ್ಲ ಅಂತ ಹಣ ಬೇರೆ ಊರಿನ ಬೇರೆ ಕಾಮಗಾರಿಗೆ ಬದಲಾಯ್ತು. 2017ರ ಜುಲೈಲಿ ಒಂದಿನ ಬೆಳಿಗ್ಗೆ ಅಪ್ಪ ಡೇರಿಗೆ ಹಾಲಿನ ಕ್ಯಾನ್ ತಗೊಂಡು ಹೋಗೋವಾಗ ಸಂಕದ ಮೇಲೆ ಜಾರಿದ್ರು. ನೀರಿಗೆ ಬೀಳಲಿಲ್ಲ, ದಡದ ಕಲ್ಲಿನ ಮೇಲೆ ಬಿದ್ರು, ಸೊಂಟದ ಮೂಳೆ ಮುರೀತು. ಕಂಬಳಿಲಿ ಮಲಗಿಸಿ ನಾಲ್ಕು ಜನ ಹೊತ್ತು ಅದೇ ಹಳ್ಳ ದಾಟಿಸ್ಬೇಕಾಯ್ತು, ಸಂಕದ ಮೇಲೆ ಇಬ್ರು ಅಕ್ಕಪಕ್ಕ ಹೋಗೋಕೆ ಜಾಗ ಇಲ್ದೆ ಎದೆಮಟ್ಟ ನೀರಲ್ಲಿ ಹಗ್ಗ ಹಿಡ್ಕೊಂಡು ಇಳಿದ್ವಿ. ಅಲ್ಲಿಂದ ಮಣಿಪಾಲ. ನಮ್ಮ ಕಡೆ ದೊಡ್ಡ ಪೆಟ್ಟು ಬಿದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲಾ ಗೋವಾ, 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಅಷ್ಟು ದೊಡ್ಡ ಕೂಗು ಎದ್ದಿದ್ದು ಸುಮ್ನೆ ಅಲ್ಲ. ಅಪ್ಪ ಆಮೇಲೆ ಕೋಲು ಹಿಡ್ಕೊಂಡು ಅಂಗಳದವರೆಗೆ ನಡೆಯೋರು. ಹಳ್ಳದ ಆಚೆ ಒಬ್ಬರೇ ಹೋಗಲಿಲ್ಲ.

ಆಸ್ಪತ್ರೆಲಿ ಕೂತಿದ್ದಾಗ ಮೊದಲ ಸಲ ನನಗೆ "ಯಾರು ತಡೆದ್ರು" ಅನ್ನೋ ಪ್ರಶ್ನೆ ಬಿಟ್ಟು "ಕಡತ ಎಲ್ಲಿ ನಿಂತಿದೆ" ಅನ್ನೋ ಪ್ರಶ್ನೆ ಬಂತು. ಊರಿಗೆ ಬಂದು ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರ್ದು, ಅದು ಗೊತ್ತಿಲ್ದೆ ಎರಡು ಪುಟ ಸಿಟ್ಟು ಬರೆದು ಕಳಿಸಿದ್ರೆ ವಾಪಸ್ ಬರ್ತದೆ. ನಾನು ಬರೆದದ್ದು ಮೂರೇ ಸಾಲು, ಇಂಥ ಕಾಮಗಾರಿಯ ಕಡತದ ಟಿಪ್ಪಣಿ ಹಾಳೆ ಸಮೇತ ಎಲ್ಲಾ ಪುಟದ ಪ್ರತಿ ಕೊಡಿ ಅಂತ. ಬಂದ ಹದಿನೇಳು ಪುಟದಲ್ಲಿ ಹನ್ನೊಂದನೇದರ ಕೆಳಗೆ ನೀಲಿ ಶಾಯಿಲಿ ಬರೆದದ್ದು: "ಗ್ರಾಮಸಭೆ ಠರಾವು ಲಗತ್ತಿಸಿರುವುದಿಲ್ಲ." ಪಂಚಾಯ್ತಿಗೆ ಹೋಗಿ ಠರಾವು ಪುಸ್ತಕ ತೆಗೆಸಿ ತಾರೀಖು ನೋಡಿದೆ, ಪೇಪರಲ್ಲಿ ನಮ್ಮ ಫೋಟೋ ಬಂದ ಹಿಂದಿನ ದಿನದ್ದೇ ತಾರೀಖು. ಅಲ್ಲಿಯ ಗುಮಾಸ್ತರು ಬೈಲಿಲ್ಲ ಏನಿಲ್ಲ, "ತಮ್ಮಾ, ಅವತ್ತು ನಿಮ್ಮ ಕೇರಿಯವರಿಗೆ ಕಾದು ಒಂದು ತಾಸು ತಡವಾಗಿ ಸಭೆ ಶುರು ಮಾಡಿದ್ವು" ಅಂದ್ರು. ಅದು ಇವತ್ತಿಗೂ ಮರೀಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ತಟಸ್ಥ ಚಾನೆಲ್ ಹುಡುಕೋದು ಬಿಡಿ. ಅಂಥದ್ದೊಂದು ಸಿಕ್ರೂ ನಿಮ್ಮ ರಸ್ತೆ ಬಗ್ಗೆ ಅದಕ್ಕೆ ಗೊತ್ತಿರಲ್ಲ. ಮೊದಲು ರಾಜ್ಯ ರಾಜಕೀಯ ಅರ್ಥ ಮಾಡ್ಕೊಂಡು ಆಮೇಲೆ ಊರಿನ ವಿಷಯಕ್ಕೆ ಬರ್ತೀನಿ ಅನ್ನೋ ನಿಮ್ಮ ಲೆಕ್ಕನೇ ತಿರುವುಮುರುವು. ಒಂದೇ ಒಂದು ವಸ್ತು ಹಿಡೀರಿ, ನಿಮ್ಮ ಆ ರಸ್ತೆನೇ ಹಿಡೀರಿ, ಅದು ಯಾರದ್ದು ಅಂತ ಕೇಳಿ. ಪಂಚಾಯ್ತಿದಾ, ಜಿಲ್ಲಾ ಪಂಚಾಯ್ತಿದಾ, ಪಿಡಬ್ಲ್ಯೂಡಿದಾ, ಅರಣ್ಯದೊಳಗಾ? ಸರ್ಕಾರದ ದಿಶಾಂಕ್ ಆ್ಯಪ್ ಹಾಕ್ಕೊಂಡು ರಸ್ತೆ ಮೇಲೆ ನಿಂತ್ರೆ ಸರ್ವೆ ನಂಬರ್ ತೋರಿಸ್ತದೆ, ಆ ನಂಬರಿನ ಪಹಣಿ ತೆಗೆದು ನೋಡಿ.

ಯಾರದ್ದು ಅನ್ನೋದು ಗೊತ್ತಿಲ್ದೆ ನಾವು ಎಲ್ಲದಕ್ಕೂ ಶಾಸಕರನ್ನ ಹಿಡೀತೀವಿ. ನಮ್ಮ ಕರಾವಳಿಲೇ ನೋಡಿ, ಎನ್‌ಎಚ್ 66 ಕೇಂದ್ರದ್ದು, ಕಾರವಾರ ಬಂದರು ರಾಜ್ಯದ್ದು, ಸೀಬರ್ಡ್ ನೌಕಾನೆಲೆ ರಕ್ಷಣಾ ಇಲಾಖೆದು, ಕೈಗಾ ಅಣುಸ್ಥಾವರ ಕೇಂದ್ರದ ಅಣುಶಕ್ತಿ ನಿಗಮದ್ದು. 2024 ಜುಲೈ 16ಕ್ಕೆ ನಮ್ಮ ತಾಲೂಕಿನ ಶಿರೂರಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದಾಗ ನಮ್ಮ ಚಾ ಅಂಗಡಿಲಿ ಒಬ್ಬ ಪಂಚಾಯ್ತಿಗೆ ಬೈದ, ಒಬ್ಬ ಎಂಎಲ್ಎಗೆ, ಒಬ್ಬ ಎಂಪಿಗೆ. ಹೆದ್ದಾರಿಗೆ ಗುಡ್ಡ ಕಡಿಯೋದು ಒಬ್ಬರ ಜವಾಬ್ದಾರಿ, ಹುಡುಕಾಟ ಪರಿಹಾರ ಜಿಲ್ಲಾಡಳಿತದ್ದು, ಇದು ಬೇರೆ ಮಾಡಿ ನೋಡದಿದ್ರೆ ಸಿಟ್ಟು ಯಾರನ್ನೂ ಮುಟ್ಟಲ್ಲ. ನಮ್ಮ ಜಿಲ್ಲೆಗೆ ಆರು ಶಾಸಕರು, ಲೋಕಸಭಾ ಕ್ಷೇತ್ರಕ್ಕೆ ಬಂದ್ರೆ ಖಾನಾಪುರ ಕಿತ್ತೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರ. ಇನ್ನೊಂದು ವಿಷಯ, ಜಿಲ್ಲಾ ಪಂಚಾಯ್ತಿ ತಾಲೂಕು ಪಂಚಾಯ್ತಿಗೆ ಕೊನೇ ಚುನಾವಣೆ ಆಗಿದ್ದು 2016ರಲ್ಲಿ, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಕೈಲೇ ಆಡಳಿತ. ಹಳ್ಳಿ ರಸ್ತೆ ಕೇಳೋಕೆ ಹೋಗ್ಬೇಕಾದ ನಡುವಿನ ಮೆಟ್ಟಿಲೇ ಖಾಲಿ ಇಟ್ಟಿದ್ದಕ್ಕೆ ನನಗೆ ನಿಜವಾಗ್ಲೂ ಸಿಟ್ಟಿದೆ, ಇದರ ಬಗ್ಗೆ ಎಷ್ಟು ಡಿಬೇಟ್ ನೋಡಿದೀರಿ ಹೇಳಿ.

ರಾಜ್ಯದ ವಿಷಯ ತಿಳೀಲೇಬೇಕು ಅಂದ್ರೆ ವಿಧಾನಸಭೆಯ ಪ್ರಶ್ನೋತ್ತರ ಓದಿ. ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಬಾಯಲ್ಲಿ ಉತ್ತರ), ಚುಕ್ಕೆ ಗುರುತಿಲ್ಲದ ಪ್ರಶ್ನೆ (ಬರಹದಲ್ಲಿ ಮಾತ್ರ ಉತ್ತರ) ಅಂತ ಎರಡು ಥರ, ಸಚಿವರ ಉತ್ತರ ಕನ್ನಡದಲ್ಲೇ ವಿಧಾನಮಂಡಲದ ವೆಬ್‌ಸೈಟಲ್ಲಿ ಹಾಕ್ತಾರೆ. ಎಷ್ಟೋ ಉತ್ತರದ ಕೊನೆಗೆ ಅನುಬಂಧ ಅಂತ ಊರುವಾರು ಪಟ್ಟಿ ಇರ್ತದೆ. ಟೀವಿ ಮುಂದೆ ಮಾತಾಡೋ ಶಾಸಕರು ಒಳಗೆ ಏನು ಕೇಳಿದಾರೆ, ಏನೂ ಕೇಳಿಲ್ವಾ, ಅರ್ಧ ತಾಸಲ್ಲಿ ಗೊತ್ತಾಗ್ತದೆ.

ಮತ್ತೆ ಗ್ರಾಮಸಭೆಗೆ ಹೋಗಿ. ಆರು ತಿಂಗಳಿಗೊಮ್ಮೆ ಆದ್ರೂ ಮಾಡ್ಲೇಬೇಕು ಅಂತ ಕಾಯ್ದೆ ಇದೆ, ಅದಕ್ಕೂ ಮೊದಲು ವಾರ್ಡ್ ಸಭೆ ಆಗ್ತದೆ. ಒಬ್ಬರೇ ಹೋಗ್ಬೇಡಿ, ನಿಮ್ಮ ಕೇರಿಯ ಹೆಂಗಸರನ್ನ ಮುದುಕರನ್ನ ಎಲ್ಲಾ ಕರ್ಕೊಂಡು ಹೋಗಿ. ಠರಾವಿನ ಒಕ್ಕಣೆ ಮನೇಲೇ ಬರ್ಕೊಂಡು ಹೋಗಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅದನ್ನ ಪುಸ್ತಕದಲ್ಲಿ ಬರೆಯೋವರೆಗೆ ಅಲ್ಲೇ ಕೂತಿರಿ, ಬರೆದದ್ದನ್ನ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಮೇಲೆ ಖಾಲಿ ಇರೋ ಹಾಳೆಗೆ ಸಹಿ ಹಾಕಬೇಡಿ. ಅಲ್ಲಿ ಜಗಳ ಆಗ್ತದೆ, ಪಕ್ಷದೋರು ಕೂಗ್ತಾರೆ, ಕೆಲವು ಸಲ ಮುಂದೂಡ್ತಾರೆ, ಆದ್ರೂ ಮುಂದಿನ ತಾರೀಖಿಗೆ ಮತ್ತೆ ಹೋಗಿ.

ನಮ್ಮ ಠರಾವು ಆಗಿದ್ದು 2018ರಲ್ಲಿ. ಒಕ್ಕಣೆ ನಾನು ಬರ್ದೆ, ಸೂಚಕರು ಅದೇ ಅಜ್ಜಿ, ಹೆಬ್ಬೆಟ್ಟು ಒತ್ತಿದ್ರು. ಒಪ್ಪಿಗೆ, ಮತ್ತೆ ಹಣ, ಟೆಂಡರು ಅಂತ ಇನ್ನೂ ಎರಡು ಮಳೆಗಾಲ ಹೋಯ್ತು. ಕಾಂಕ್ರೀಟ್ ಸಂಕ ಆದ ದಿನ ಅಪ್ಪನ್ನ ಕೈ ಹಿಡಿದು ಕರ್ಕೊಂಡು ಹೋಗಿದ್ದೆ. ಕಬ್ಬಿಣದ ಹಿಡಿಕೆ ಹಿಡ್ಕೊಂಡು ಅರ್ಧದವರೆಗೆ ಬಂದು ಕೆಳಗೆ ನೀರು ನೋಡ್ತಾ ನಿಂತ್ರು, ಸಾಕು ತಿರುಗಿ ಹೋಗೋಣ ಅಂದ್ರು.

ನಿಮ್ಮ ರಸ್ತೆಯ ಸರ್ವೆ ನಂಬರ್ ಸಿಕ್ಕಿದ ಮೇಲೆ ಪಹಣಿಲಿ ಏನಿದೆ ನೋಡಿ ತಿಳಿಸಿ. ಅರಣ್ಯ ಅಂತ ಇದ್ರೆ ನಮ್ಮ ಠರಾವಿನ ಒಕ್ಕಣೆ ಪೂರ್ತಿ ನನ್ನ ಹತ್ರ ಇದೆ, ಹೆಸರು ನಂಬರು ಬದಲಿಸಿ ನಿಮಗೆ ಬರ್ಕೊಡ್ತೀನಿ.