ಶಾಲೆಯ ಬಾಂಡಿನ ಬೋರ್ಡು ನೋಡಿ ಕೇಳಿದ ತಂಗಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಊರುಗಳಿಗೆ, ಬಂದು ಐದು ತಿಂಗಳಾಯಿತು, ಬೀದಿಯಲ್ಲೆಲ್ಲ ಮನೆ ಮುಂದೆ ‘ನಮ್ಮ ಶಾಲೆಗಳಿಗಾಗಿ ಯೆಸ್ ಹಾಕಿ’ ಅಂತ ಬೋರ್ಡು ನೆಟ್ಟಿದ್ದಾರೆ, ಇದೇನು ಅಕ್ಕ, ನಾವೂ ವೋಟು ಹಾಕಬಹುದಾ, ಮುಂದೆ ಮನೆ ಕೊಂಡರೆ ತೆರಿಗೆ ಏರುತ್ತಾ, ಕಟ್ಟಡ ರಿಪೇರಿಗೂ ದುಡ್ಡಿಲ್ಲದ ಶಾಲೆಗೆ ಮಗನನ್ನು ಸೇರಿಸಬಹುದಾ ಅಂತ ಕೇಳಿದ್ದೀಯ. ಅಕ್ಕ ಅಂದೆಯಲ್ಲ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

2002ರಲ್ಲಿ ನಾನು ಬಂದಾಗಲೂ ಇಂಥದೇ ಬೋರ್ಡುಗಳಿದ್ದವು. ಯಾರೋ ಅಭ್ಯರ್ಥಿ ಇರಬೇಕು ಅಂದುಕೊಂಡಿದ್ದೆ. ಶಾಲೆಯೇ ಜನರ ಮುಂದೆ ಬಂದು ವೋಟು ಕೇಳುತ್ತದೆ ಅಂತ ನನಗೆ ಹೇಗೆ ಹೊಳೆಯಬೇಕು, ಹೇಳು?

ಮಗನನ್ನು ಧೈರ್ಯವಾಗಿ ಸೇರಿಸು. ಕಟ್ಟಡ ಹಳೆಯದಾದ ಮಾತ್ರಕ್ಕೆ ಪಾಠ ಕೆಟ್ಟದಾಗಿರುವುದಿಲ್ಲ.

ವೋಟು ನೀವು ಹಾಕುವಂತಿಲ್ಲ. ಎಚ್1ಬಿ ಅನ್ನೋ ಕೆಲಸದ ವೀಸಾದವರಿಗೂ ಇಲ್ಲ, ಗ್ರೀನ್ ಕಾರ್ಡಿನವರಿಗೂ ಇಲ್ಲ, ನಾಗರಿಕರಿಗೆ ಮಾತ್ರ. ಡಿಎಂವಿಯಲ್ಲಿ, ಅಂದರೆ ಇಲ್ಲಿಯ ಆರ್‌ಟಿಒ ಥರದ ಕಚೇರಿಯಲ್ಲಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿಯ ಪ್ರಶ್ನೆ ಬರುತ್ತದೆ. ಅವಸರದಲ್ಲಿ ನಾಗರಿಕ ಅಂತ ಗುರುತು ಹಾಕಿಬಿಟ್ಟರೆ ಮುಂದೆ ವೀಸಾ, ಗ್ರೀನ್ ಕಾರ್ಡು ಎಲ್ಲಕ್ಕೂ ಕುತ್ತು. ನಿನ್ನ ಗಂಡನಿಗೂ ಇದನ್ನು ಹೇಳು, ಮರೀಬೇಡ.

ಈಗ ಬಾಂಡಿನ ವಿಷಯ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನೋದೇ ಬೇರೆ ಆಡಳಿತ. ಅದಕ್ಕೆ ಜನ ಆರಿಸಿದ ಆಡಳಿತ ಮಂಡಳಿ ಇರುತ್ತದೆ, ಅದಕ್ಕೂ ಬೋರ್ಡ್ ಅಂತಲೇ ಅನ್ನುತ್ತಾರೆ. ದೊಡ್ಡ ಕಟ್ಟಡ ಕೆಲಸಕ್ಕೆ ಅವರು ಬಾಂಡ್ ಹೊರಡಿಸಿ ಸಾಲ ಎತ್ತುತ್ತಾರೆ. ಆ ಸಾಲ ತೀರುವವರೆಗೆ, ಎಷ್ಟೋ ಸಲ 25-30 ವರ್ಷ, ಆ ಡಿಸ್ಟ್ರಿಕ್ಟಿನ ಮನೆ, ಅಂಗಡಿಗಳವರು ಆಸ್ತಿ ತೆರಿಗೆಯ ಜೊತೆ ಕಂತು ಕಟ್ಟಬೇಕು. ಅದಕ್ಕೇ ಮೊದಲು ಜನರನ್ನು ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 2000ದಲ್ಲಿ ಪ್ರಾಪೊಸಿಷನ್ 39, ಅಂದರೆ ರಾಜ್ಯದ ಜನರೇ ವೋಟು ಹಾಕಿ ತೀರ್ಮಾನಿಸುವ ಒಂದು ಪ್ರಸ್ತಾವ, ಗೆದ್ದ ಮೇಲೆ 55% ಸಾಕಾಯಿತು. ಬದಲಿಗೆ ಷರತ್ತುಗಳು ಬಂದವು. ಯಾವ ಯಾವ ಕೆಲಸ ಅಂತ ಮೊದಲೇ ಪಟ್ಟಿ ಕೊಡಬೇಕು, ಆ ದುಡ್ಡಲ್ಲಿ ಟೀಚರುಗಳ ಸಂಬಳ ಕೊಡುವಂತಿಲ್ಲ, ವರ್ಷ ವರ್ಷ ಆಡಿಟ್ ಆಗಬೇಕು, ಊರಿನವರದೇ ಒಂದು ಸಮಿತಿ ಲೆಕ್ಕ ನೋಡಬೇಕು.

ತೆರಿಗೆ ಏರುತ್ತದೆ. ಈ 55%ರ ಬಾಂಡಿಗೆ, ಒಂದನೇ ತರಗತಿಯಿಂದ ಹೈಸ್ಕೂಲಿನವರೆಗೆ ಒಂದೇ ಆಗಿರುವ ಡಿಸ್ಟ್ರಿಕ್ಟಿನಲ್ಲಿ, ತೆರಿಗೆಗೆ ಹಿಡಿದ ಬೆಲೆಯ ಲಕ್ಷ ಡಾಲರಿಗೆ ವರ್ಷಕ್ಕೆ 60 ಡಾಲರಿಗಿಂತ ಜಾಸ್ತಿ ಬೀಳದಂತೆ ಅಂದಾಜು ಹಾಕಬೇಕು. 15 ಲಕ್ಷದ ಮನೆಗೆ ಅಲ್ಲಿಗೆ 900 ಡಾಲರ್. ಹಳೆಯ ಬಾಂಡುಗಳಿದ್ದರೆ ಅವುಗಳ ಕಂತು ಬೇರೆ. 1978ರ ಪ್ರಾಪೊಸಿಷನ್ 13ರಿಂದಾಗಿ ತೆರಿಗೆ ಕಟ್ಟೋದು ಮನೆ ಕೊಂಡಾಗಿನ ಬೆಲೆಯ ಮೇಲೆ, ಆ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ ಪಕ್ಕದ ಮನೆಯ ಅಜ್ಜ 1980ರಲ್ಲಿ ಕೊಂಡಿದ್ದರೆ ಅವರಿಗೆ ಬೀಳೋದು ತುಂಬಾ ಕಡಿಮೆ, ಹೊಸದಾಗಿ ಕೊಂಡ ನಮ್ಮಂಥವರಿಗೇ ಭಾರ. ನನಗಿದು ನ್ಯಾಯ ಅನ್ನಿಸೋದಿಲ್ಲ. ಆದರೂ ಯೆಸ್ ಹಾಕುತ್ತೇನೆ. ಯಾಕೆ ಅಂತ ಹೇಳುತ್ತೇನೆ ಕೇಳು.

ನಾನು ನಾಗರಿಕಳಾದ ಮೇಲೆ ನಮ್ಮ ಡಿಸ್ಟ್ರಿಕ್ಟಿನ ಮೊದಲ ಬಾಂಡ್ ಮತಕ್ಕೆ ಬಂದದ್ದು 2018ರ ನವೆಂಬರ್ 6ಕ್ಕೆ. ಅವತ್ತು ನರಕ ಚತುರ್ದಶಿ. ಅಂಚೆಯಲ್ಲಿ ಬಂದಿದ್ದ ಮತಪತ್ರ ಮೂರು ವಾರದಿಂದ ಊಟದ ಮೇಜಿನ ಮೇಲೇ ಇತ್ತು. ಬೆಳಿಗ್ಗೆ ಎಣ್ಣೆ ಸ್ನಾನ, ಆಮೇಲೆ ಆಫೀಸು, ಸಂಜೆ ಸ್ನೇಹಿತರ ಮನೆಗೆ ಅಂತ ಹೋಳಿಗೆ. ಅವತ್ತಿನ ಅಂಚೆ ಮುದ್ರೆ ಬಿದ್ದಿದ್ದರೂ ಸಾಕಿತ್ತು. ನಾನು ಲಕೋಟೆ ಒಡೆಯಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತು ಬಂತು. ಅಲ್ಲಿ ವೋಟಿದ್ದವರು ಹನ್ನೊಂದು ಜನ, ಹಾಕಿದವರು ಮೂರೇ ಜನ. ಎಲ್ಲರ ಮಕ್ಕಳೂ ಅದೇ ಶಾಲೆಗಳಲ್ಲಿ ಓದುತ್ತಿದ್ದವರು.

ಬಾಂಡ್ ಸೋತಿತು, ಕೆಲವೇ ನೂರು ಮತಗಳಲ್ಲಿ.

ಎರಡೇ ದಿನಕ್ಕೆ, ನವೆಂಬರ್ 8ಕ್ಕೆ, ಉತ್ತರದ ಪ್ಯಾರಡೈಸ್ ಊರಿಗೆ ಬೆಂಕಿ ಬಿದ್ದು ಅದರ ಹೊಗೆ ಇಲ್ಲಿಯವರೆಗೂ ಬಂತು. ನನ್ನ ಮಗಳ ತರಗತಿ ಇದ್ದದ್ದು ಒಂದು ಪೋರ್ಟಬಲ್‌ನಲ್ಲಿ, ಅಂದರೆ ಲಾರಿಯಲ್ಲಿ ತಂದು ಇಳಿಸಿದ ಪೆಟ್ಟಿಗೆಯಂಥ ಕೋಣೆ. ತಾತ್ಕಾಲಿಕ ಅಂತ ತಂದದ್ದು ವರ್ಷಗಟ್ಟಲೆ ಅಲ್ಲೇ ಉಳಿದಿತ್ತು. ಕಿಟಕಿಯ ಸಂದಿಯಲ್ಲೆಲ್ಲ ಹೊಗೆ ನುಗ್ಗುತ್ತಿತ್ತು. ಅವಳಿಗೆ ಕೆಮ್ಮು ಹಿಡಿಯಿತು. 16ರಂದು ಬೇ ಏರಿಯಾದ ಎಷ್ಟೋ ಶಾಲೆಗಳಿಗೆ ರಜೆಯನ್ನೇ ಕೊಟ್ಟರು. ಆ ದಿನ ಮನೆಯಲ್ಲಿ ಕೂತು ಮತಪತ್ರದ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದೆ. ಪಟ್ಟಿಯಲ್ಲಿ ಮೊದಲನೆಯದೇ ಪೋರ್ಟಬಲ್ ತೆಗೆದು ಕಟ್ಟಡ ಕಟ್ಟೋದು, ಎರಡನೆಯದು ಗಾಳಿಯ ವ್ಯವಸ್ಥೆ. ಬಾಂಡ್ ಗೆದ್ದಿದ್ದರೂ ಹತ್ತು ದಿನದಲ್ಲಿ ಏನೂ ಬದಲಾಗುತ್ತಿರಲಿಲ್ಲ, ಗೊತ್ತು. ಆದರೂ ಆ ಪುಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಎಷ್ಟೋ ವರ್ಷದ ಮೇಲೆ ಮತ್ತೆ ಇಟ್ಟರು, ಗೆದ್ದಿತು. ಅಷ್ಟರಲ್ಲಿ ಮಗಳು ಆ ಶಾಲೆ ಮುಗಿಸಿದ್ದಳು.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಸರ್ಕಾರಿ ಶಾಲೆಯ ಹೆಂಚು ಹಾರಿಹೋದ ವರ್ಷ ನಮ್ಮಪ್ಪ ಸೈಕಲ್ ಹಿಡಿದು ಮನೆ ಮನೆಗೆ ಹೋಗಿ, ಇಂತಿಷ್ಟು ಕೊಬ್ಬರಿ ಅಂತ ಬರೆಸಿಕೊಂಡು, ಮಂಡಿಯಲ್ಲಿ ಮಾರಿ ಹೆಂಚು ಹಾಕಿಸಿದ್ದರು. ನಿಮ್ಮೂರಲ್ಲೂ ಇಂಥದ್ದು ನಡೆದಿರುತ್ತದೆ. ಫೋನಿನಲ್ಲಿ ಅವರಿಗೆ ಹೊಗೆಯ ಕಥೆ ಹೇಳಿದೆ. ಲಕೋಟೆಯದು ಹೇಳಲಾಗಲಿಲ್ಲ. ಈಗ ಅವರಿಲ್ಲ.

ವೋಟಿಲ್ಲ ಅಂತ ನೀನು ಸುಮ್ನೆ ಕೂರಬೇಡ. ಬೋರ್ಡ್ ಸಭೆಗೆ ಯಾರು ಬೇಕಾದರೂ ಹೋಗಿ ಮಾತಾಡಬಹುದು, ವೀಸಾ ಕೇಳೋದಿಲ್ಲ. ನಿನ್ನ ಮಗನ ತರಗತಿ ಪೋರ್ಟಬಲ್‌ನಲ್ಲಿದೆಯಾ ನೋಡಿಕೊಂಡು ಬಾ. ವೋಟಿರುವ ನಮ್ಮವರ ಮನೆಗೆ ಊಟಕ್ಕೆ ಹೋದಾಗ ಮತಪತ್ರ ಕಳಿಸಿದ್ರಾ ಅಂತ ಕೇಳು. ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳು. ಮನೆ ಹುಡುಕೋಕೆ ಶುರು ಮಾಡಿದಾಗ ಫೋನ್ ಮಾಡು, ಆ ಮನೆಯ ಹಿಂದಿನ ವರ್ಷದ ತೆರಿಗೆ ಬಿಲ್ಲು ಓದೋದು ಹೇಗೆ ಅಂತ ಕೂತು ತೋರಿಸುತ್ತೇನೆ.