ಕ್ಷಮಿಸಿದ್ದೇನೆ ಅನ್ನುವ ಮೊದಲು ಆ ಜಗಳ ಬರೆಯಿರಿ

ನಮಸ್ಕಾರ.

ಅಪ್ಪನ ಕೊನೆಯ ವರ್ಷದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹಾಸಿಗೆ ಹಿಡಿದ ಅಪ್ಪನನ್ನು ನೀವೊಬ್ಬರೇ ನೋಡಿಕೊಂಡಿರಿ. ದೂರದಲ್ಲಿದ್ದ ಅಕ್ಕ ಕೊನೆಯ ದಿನ ಬಂದರು. ಆಸ್ಪತ್ರೆಯಲ್ಲಿ ಇಬ್ಬರಿಗೂ ಜಗಳವಾಯಿತು. ಅಂದಿನಿಂದ ಮಾತಿಲ್ಲ. ಇಷ್ಟು ಕತೆ. ಭಾಷೆ ಚೆನ್ನಾಗಿದೆ, ಎಲ್ಲೂ ಎಳೆದಾಡಿಲ್ಲ. ಅಪ್ಪನ ಉಗುರು ಕತ್ತರಿಸುವ ಭಾಗವಂತೂ ನನಗೆ ತುಂಬ ಹಿಡಿಸಿತು. ಅವರು ಬೆರಳು ಮಡಚಿಕೊಳ್ಳುತ್ತಾರೆ, ನೀವು ಒಂದೊಂದಾಗಿ ಬಿಡಿಸುತ್ತೀರಿ, ಅವರು ಮತ್ತೆ ಮಡಚುತ್ತಾರೆ. ಅಲ್ಲಿ ದುಃಖದ ಮಾತೇ ಇಲ್ಲ. ಓದುವಾಗ ಗಂಟಲು ಕಟ್ಟಿತು.

ಆದರೂ ಇದನ್ನು ಈಗ ಪ್ರಕಟಿಸುವುದಿಲ್ಲ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ. ಸ್ವಲ್ಪ ಕಟುವಾಗಿ ಕೇಳಿಸಬಹುದು.

ಆರನೇ ಪುಟದಲ್ಲಿ ಜಗಳದ ಪ್ಯಾರಾ ಇದೆ. ನೀವು ಬರೆದದ್ದು ಹೀಗೆ: ‘ಆ ದಿನ ಆಸ್ಪತ್ರೆಯಲ್ಲಿ ನಡೆಯಬಾರದ್ದು ನಡೆದುಹೋಯಿತು. ಮಾತಿಗೆ ಮಾತು ಬೆಳೆಯಿತು. ನನ್ನೊಳಗೆ ಏನೋ ಮುರಿದುಬಿತ್ತು. ಸಂಬಂಧಗಳು ಎಷ್ಟು ಪೊಳ್ಳು ಎಂದು ಅವತ್ತು ಅರ್ಥವಾಯಿತು. ಕಾಲವೇ ಎಲ್ಲಕ್ಕೂ ಮದ್ದು.’

ಮೊದಲ ವಾಕ್ಯ ನೋಡಿ. ನಡೆಯಬಾರದ್ದು ಅಂದರೆ ಏನು? ಕಿರುಚಾಟವೋ, ಕೈ ಮಾಡಿದ್ದೋ, ಅಪ್ಪನ ಎದುರಿಗೇ ಲೆಕ್ಕ ಕೇಳಿದ್ದೋ? ನಿಮಗೆ ಗೊತ್ತು, ಅಕ್ಕನಿಗೆ ಗೊತ್ತು. ಓದುವವರಿಗೆ ಗೊತ್ತಿಲ್ಲ.

‘ಮಾತಿಗೆ ಮಾತು ಬೆಳೆಯಿತು.’ ಮಾತು ತನ್ನಷ್ಟಕ್ಕೆ ಬೆಳೆಯುವುದಿಲ್ಲ ಅಲ್ವಾ? ಮೊದಲ ಮಾತು ಯಾರದ್ದು? ಅದಕ್ಕೆ ನೀವು ಏನಂದಿರಿ? ಅಪ್ಪ ಜ್ವರದಲ್ಲಿ ಬಡಬಡಿಸಿದ್ದನ್ನೂ ಅಕ್ಷರ ಬಿಡದೆ ಬರೆದಿದ್ದೀರಿ. ಅಷ್ಟು ನೆನಪಿರುವ ನಿಮಗೆ ಈ ಜಗಳದ ಒಂದು ಮಾತೂ ನೆನಪಿಲ್ಲ ಅಂದರೆ ನಾನು ನಂಬುವುದಿಲ್ಲ. ನೆನಪಿದೆ. ಅದಕ್ಕೇ ಬರೆದಿಲ್ಲ.

‘ನನ್ನೊಳಗೆ ಏನೋ ಮುರಿದುಬಿತ್ತು.’ ಈ ವಾಕ್ಯ ನಮಗೆ ಬರುವ ಆತ್ಮಕತೆಯ ಬರಹಗಳಲ್ಲಿ ಅರ್ಧಕ್ಕರ್ಧ ಇರುತ್ತದೆ. ಆ ಹೊತ್ತಲ್ಲಿ ನೀವು ಏನು ಮಾಡಿದಿರಿ? ಹೊರಗೆ ನಡೆದಿರಾ, ಗೋಡೆಗೆ ಒರಗಿದಿರಾ, ಅಪ್ಪನ ಹೊದಿಕೆ ಸರಿಮಾಡಿದಿರಾ? ಅದನ್ನು ಬರೆದರೆ ಮುರಿದದ್ದು ಏನು ಅಂತ ನಮಗೆ ತಾನಾಗಿ ತಿಳಿಯುತ್ತದೆ.

ನಾಲ್ಕನೇ ವಾಕ್ಯದಲ್ಲಿ ಒಂದು ಜಗಳದಿಂದ ಪ್ರಪಂಚದ ಎಲ್ಲ ಸಂಬಂಧಗಳಿಗೆ ಹಾರಿದ್ದೀರಿ. ಹಾಗೆ ಹಾರಿದರೆ ಅಕ್ಕನ ಮುಖ ನೋಡುವ ಕಷ್ಟ ತಪ್ಪುತ್ತದೆ. ಐದನೆಯದನ್ನು ಹೊಡೆದುಹಾಕಿದ್ದೇನೆ.

ಇನ್ನೊಂದು ಜಾಗ ಇದೆ. ಎರಡನೇ ಪುಟದ ಕೊನೆಗೆ: ‘ಅಕ್ಕ ತಿಂಗಳು ತಿಂಗಳು ದುಡ್ಡು ಕಳಿಸಿ ಕೈ ತೊಳೆದುಕೊಂಡಳು.’ ಕೈ ತೊಳೆದುಕೊಂಡದ್ದು ನಿಮ್ಮ ತೀರ್ಪು. ದುಡ್ಡು ಕಳಿಸಿದ್ದು ನಡೆದ ಸಂಗತಿ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಇಡೀ ಲೇಖನದಲ್ಲಿ ಅಕ್ಕ ಒಬ್ಬ ಮನುಷ್ಯಳಾಗಿ ಕಾಣುವುದು ಆ ಅರ್ಧ ವಾಕ್ಯದಲ್ಲಿ ಮಾತ್ರ. ಆ ದುಡ್ಡು ಅವರಿಗೆ ಸಲೀಸಾಗಿ ಬರುತ್ತಿತ್ತಾ, ಕಷ್ಟಪಟ್ಟು ಹೊಂದಿಸುತ್ತಿದ್ದರಾ? ಬರಲಾಗದ್ದಕ್ಕೆ ಏನು ಕಾರಣ ಹೇಳುತ್ತಿದ್ದರು? ನೀವು ಕೇಳಿದ್ದಿರಾ? ಅವರನ್ನು ಒಳ್ಳೆಯವರನ್ನಾಗಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಅವರ ತಪ್ಪು ದೊಡ್ಡದೇ ಇರಬಹುದು. ಅದು ಎಷ್ಟು ದೊಡ್ಡದು ಅಂತ ತೂಗುವುದಕ್ಕೂ ಈ ವಿವರ ಬೇಕು.

ಈಗ ನನ್ನನ್ನು ನಿಜಕ್ಕೂ ಕೆಣಕಿದ ವಿಷಯ. ಕೊನೆಯ ಪುಟದಲ್ಲಿ ‘ಇದನ್ನು ಬರೆಯುತ್ತಾ ನಾನು ಗುಣವಾದೆ, ಅಕ್ಕನನ್ನು ಮನಸಾರೆ ಕ್ಷಮಿಸಿದ್ದೇನೆ’ ಅಂತ ಇದೆ. ಆದರೆ ಜೊತೆಗಿಟ್ಟ ಪತ್ರದಲ್ಲಿ ಬೇರೆಯೇ ಇದೆ: ‘ಬರೆದರೆ ನೋವು ಹೋಗುತ್ತದೆ ಎಂದು ಎಲ್ಲರೂ ಹೇಳಿದರು, ಬರೆದೆ. ರಾತ್ರಿ ಇನ್ನೂ ನಿದ್ದೆ ಹತ್ತುವುದಿಲ್ಲ. ಅಕ್ಕನಿಗೆ ಹೇಳಬೇಕಿದ್ದ ಮಾತುಗಳು ತಲೆಯಲ್ಲಿ ಸುತ್ತುತ್ತವೆ.’ ಪತ್ರದ ಈ ಮೂರು ವಾಕ್ಯ ಲೇಖನದ ಕೊನೆಯ ಪುಟಕ್ಕಿಂತ ಎಷ್ಟೋ ಚೆನ್ನಾಗಿವೆ. ಇವು ನಿಜ. ಲೇಖನದಲ್ಲಿ ಗುಣವಾದವರು ಬೇರೆ ಯಾರೋ.

ಬರೆದರೆ ನೋವು ಹೋಗುತ್ತದೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ನಿಮಗೆ ತಿಳಿದಿರಲಿ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸ್ಯಾಂಡ್ರಾ ಬೀಲ್ ಜೊತೆ ಸೇರಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಜೀವನದ ಕಹಿ ಘಟನೆಯಲ್ಲಿ ನಡೆದದ್ದನ್ನಷ್ಟೇ ಬರೆದರು. ಕೆಲವರು ಅನಿಸಿದ್ದನ್ನಷ್ಟೇ ಬರೆದರು. ಕೆಲವರು ನಡೆದದ್ದು, ಅನಿಸಿದ್ದು ಎರಡನ್ನೂ ಸೇರಿಸಿ ಬರೆದರು. ಇನ್ನು ಕೆಲವರಿಗೆ ಸುಮ್ನೆ ಸಾಮಾನ್ಯ ವಿಷಯ ಕೊಟ್ಟಿದ್ದರು. ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾದದ್ದು ಎರಡನ್ನೂ ಸೇರಿಸಿ ಬರೆದವರಲ್ಲಿ. ಅದರಲ್ಲೂ ಗಮನಿಸಿ, ಬರೆದ ಕೂಡಲೇ ಅವರಿಗೆ ಹಗುರ ಅನಿಸಲಿಲ್ಲ. ಮನಸ್ಸು ಇನ್ನಷ್ಟು ಭಾರವಾಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಪೆನ್ನೆಬೇಕರ್ ಬರಹಗಳನ್ನೇ ಬಿಡಿಸಿ ನೋಡಿದರು. ಹೆಚ್ಚು ಚೇತರಿಸಿಕೊಂಡವರ ಬರಹದಲ್ಲಿ ದಿನದಿಂದ ದಿನಕ್ಕೆ ಕಾರಣ ಹುಡುಕುವ, ಅರ್ಥ ಮಾಡಿಕೊಳ್ಳುವ ಮಾತು ಜಾಸ್ತಿಯಾಗುತ್ತಾ ಹೋಗಿತ್ತು.

ಹಾಗಂತ ಇದು ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಇದೆ, ಆದರೆ ಸರಾಸರಿಯಲ್ಲಿ ಅದು ಸಣ್ಣದು ಅಂತ ಕಂಡಿತು. ನಿದ್ದೆ ಹೀಗೇ ಕೆಡುತ್ತಿದ್ದರೆ ಬರಹವನ್ನೇ ನಂಬಿ ಕೂರಬೇಡಿ, ಡಾಕ್ಟರನ್ನೋ ಆಪ್ತ ಸಮಾಲೋಚಕರನ್ನೋ ನೋಡಿ. ಇದನ್ನು ಸಂಪಾದಕರಾಗಿ ಅಲ್ಲ, ಓದಿ ಸಂಕಟಪಟ್ಟ ಮನುಷ್ಯರಾಗಿ ಹೇಳುತ್ತಿದ್ದೇನೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಜಗಳದ ಪ್ಯಾರಾದಲ್ಲಿ ನಡೆದದ್ದೂ ಇಲ್ಲ, ಕಾರಣವೂ ಇಲ್ಲ. ಬರೀ ಭಾರ ಇದೆ. ಮಿಕ್ಕ ಪುಟಗಳೆಲ್ಲ ಆ ಪ್ಯಾರಾವನ್ನು ಸುತ್ತಿ ಬಳಸಿ ಹೋಗುತ್ತವೆ. ಹೀಗಿರುವಾಗ ಮನಸ್ಸು ಹೇಗೆ ಹಗುರಾಗಬೇಕು? ಯಾವ ತಪ್ಪನ್ನು ಅಂತ ಹೇಳದೆ ಕ್ಷಮಿಸಿದರೆ ಆ ಕ್ಷಮೆ ಯಾರಿಗೆ ಮುಟ್ಟುತ್ತದೆ?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಓದುಗರ ಅನುಭವ ಬರಹಗಳನ್ನು ಆರಿಸಿ ಹಿರಿಯ ಸಂಪಾದಕರ ಮೇಜಿನ ಮೇಲೆ ಇಡುವುದು ನನ್ನ ಕೆಲಸ. ಅವರು ತಿದ್ದುತ್ತಿದ್ದದ್ದು ಕಡಿಮೆ. ಪೆನ್ಸಿಲ್ ಹಿಡಿದು ಓದುತ್ತಾ ಅಂಚಿನಲ್ಲಿ ಅಲ್ಲಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ‘ಇಲ್ಲಿ ಮುಖ ತಿರುಗಿಸಿದ್ದಾರೆ’ ಅನ್ನುತ್ತಿದ್ದರು. ಆ ಚುಕ್ಕಿ ಬೀಳುವ ಜಾಗ ಮೊದಲೇ ಊಹಿಸಲು ಕಲಿತದ್ದೇ ನನ್ನ ತರಬೇತಿ.

ನನ್ನ ಅಮ್ಮ ತೀರಿಕೊಂಡ ಮೇಲೆ ನಾನೂ ಒಂದು ಬರಹ ಕೊಟ್ಟೆ. ‘ಕೊನೆಯ ಗಳಿಗೆಯಲ್ಲಿ ನಾನು ಹತ್ತಿರ ಇರಲಿಲ್ಲ’ ಅನ್ನುವ ವಾಕ್ಯದ ಪಕ್ಕ ಚುಕ್ಕಿ ಬಿತ್ತು. ‘ಮತ್ತೆಲ್ಲಿದ್ದಿರಿ? ಯಾಕೆ ಅಲ್ಲಿದ್ದಿರಿ?’ ಅಂತ ಕೇಳಿದರು, ಅಷ್ಟೇ. ಸಿಟ್ಟು ಬಂತು. ರಾತ್ರಿ ಕೂತು ಬರೆದೆ. ಔಷಧಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಚೀಟಿ ಇತ್ತು. ಚೀಟಿ ಯಾರು ಕೊಟ್ಟರು ಅಂತ ಬರೆಯಲು ಹೋದಾಗ ನೆನಪಾಯಿತು. ದಿಂಬಿನ ಕೆಳಗಿದ್ದ ಚೀಟಿಯನ್ನು ಅಮ್ಮನೇ ತೆಗೆದು ಕೊಟ್ಟಿದ್ದಳು. ‘ಈಗಲೇ ಹೋಗಿ ಬಾ’ ಅಂದಿದ್ದಳು. ಬಿಟ್ಟುಹೋದವರು ಅಂತ ಅಷ್ಟು ದಿನ ನನ್ನನ್ನೇ ಹಳಿದುಕೊಂಡಿದ್ದೆ. ಕಳಿಸಿದ್ದು ಅವಳು. ದುಃಖವೇನೂ ಹೋಗಲಿಲ್ಲ, ಅದು ಹೋಗುವಂಥದ್ದೂ ಅಲ್ಲ. ಹಳಿದುಕೊಳ್ಳುವುದು ಮಾತ್ರ ನಿಂತಿತು. ಆ ಬರಹವನ್ನು ನಾನು ಅಚ್ಚಿಗೆ ಕೊಡಲಿಲ್ಲ. ಅವರೂ ಕೇಳಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಲೇಖನವನ್ನು ಪಕ್ಕಕ್ಕಿಡಿ. ಆಸ್ಪತ್ರೆಯ ಆ ಜಗಳವನ್ನೊಂದೇ ಬರೆಯಿರಿ. ಯಾರಿಗೂ ತೋರಿಸುವುದಿಲ್ಲ ಅಂತ ಗಟ್ಟಿ ಮಾಡಿಕೊಂಡು ಬರೆಯಿರಿ. ಕಾಗುಣಿತ, ಚಂದ ಯಾವುದೂ ಬೇಡ. ಯಾರು ಎಲ್ಲಿ ನಿಂತಿದ್ದರು, ಯಾರು ಏನಂದರು, ನೀವು ಏನಂದಿರಿ. ಅಕ್ಕ ಅಂದದ್ದನ್ನು ಅವರ ಮಾತಿನಲ್ಲೇ ಇಡಿ, ನಿಮ್ಮ ವ್ಯಾಖ್ಯಾನ ಸೇರಿಸಬೇಡಿ. ಮರುದಿನ ಅದನ್ನೇ ಮತ್ತೆ ಬರೆಯಿರಿ. ಈ ಸಲ ಅವರು ಹಾಗೆ ಯಾಕೆ ಅಂದರು, ನೀವು ಯಾಕೆ ಹಾಗೆ ತಿರುಗಿಸಿ ಅಂದಿರಿ ಅನ್ನುವುದೂ ಬರಲಿ. ತಡೆಯಲಾಗದಷ್ಟು ಸಂಕಟವಾದರೆ ಅಲ್ಲಿಗೇ ನಿಲ್ಲಿಸಿ. ಪೆನ್ನೆಬೇಕರ್ ಹೇಳುವುದೂ ಇದನ್ನೇ.

ಬರೆದು ಮುಗಿದ ಮೇಲೆ ನಮಗೆ ಕಳಿಸಬೇಕೋ ಬೇಡವೋ ನೀವೇ ನೋಡಿ. ಅಕ್ಕ ಇದನ್ನು ಅಚ್ಚಿನಲ್ಲಿ ಓದಿದರೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿ. ಕಳಿಸುವುದಾದರೆ ಉಗುರಿನ ಭಾಗವನ್ನು ಹಾಗೇ ಇಡಿ, ಒಂದಕ್ಷರ ಮುಟ್ಟಬೇಡಿ. ಕೊನೆಯ ಪುಟ ಬೇಡ. ಗುಣವಾಗಿದ್ದರೂ ಹೇಳಬೇಡಿ, ಆಗದಿದ್ದರೂ ಹೇಳಬೇಡಿ. ಹಸ್ತಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಆರನೇ ಪುಟದ ಅಂಚಿನಲ್ಲಿ ನಾಲ್ಕು ಚುಕ್ಕಿ ಇಟ್ಟಿದ್ದೇನೆ. ನಮ್ಮ ಕಡೆಯಿಂದ ಯಾವ ಗಡುವೂ ಇಲ್ಲ.

ಇಂತಿ,
ಸಂಪಾದಕರು