ಕಾಸರಗೋಡಿನಿಂದ ಉತ್ತರ: ‘ಇಲ್ಲ’ ಎಂದವರಿಗೆ ಪರಾತಿ ಬರೆಯುವ ಬಗೆ

ನೀವು ಕೇಳಿದ್ದು ಎರಡು ವಿಷಯ. ಅಜ್ಜನ ಕಾಲದ ಜಾಗದ ಕಾಗದ ಹುಡುಕಿಕೊಂಡು ಬಂದರೆ ಯಾವ ಪತ್ರಾಗಾರಕ್ಕೆ (ಹಳೆಯ ಸರಕಾರಿ ಕಡತ ಇಡುವ ಕಚೇರಿಗೆ) ಹೋಗಬೇಕು, ಅಲ್ಲಿ ‘ಇಲ್ಲ’ ಅಂದರೆ ನಮ್ಮ ದೂರು ಕೇಳುವವರು ಯಾರಾದರೂ ಇದ್ದಾರಾ ಅಂತ. ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಇದ್ದಾರೆ. ಆದರೆ ಕಚೇರಿಯ ಬಾಗಿಲಲ್ಲಿ ಅದಕ್ಕೆ ದೂರು ಅನ್ನುವುದಿಲ್ಲ, ಮಲಯಾಳದಲ್ಲಿ ‘ಪರಾತಿ’ ಅನ್ನುತ್ತಾರೆ. ಅರ್ಜಿಗೆ ‘ಅಪೇಕ್ಷೆ’. ಬೆಂಗಳೂರಿನಿಂದ ಬಂದ ನಮ್ಮ ನೆಂಟರೊಬ್ಬರಿಗೆ ಕೌಂಟರಿನಲ್ಲಿ “ಅಪೇಕ್ಷೆ ಉಂಟಾ?” ಎಂದು ಕೇಳಿದಾಗ ಅವರು, “ಹೆಚ್ಚೇನಿಲ್ಲ ಮಾರಾಯ್ರೆ, ಒಂದು ನಕಲು ಸಿಕ್ಕಿದರೆ ಸಾಕು” ಎಂದಿದ್ದರು. ಹುಡುಕುವ ಕಚೇರಿಗೂ ಹೀಗೇ ಮೂರು ಹೆಸರು. ಕನ್ನಡದಲ್ಲಿ ಪತ್ರಾಗಾರ, ಮಲಯಾಳದಲ್ಲಿ ಪುರಾರೇಖಾ ವಗುಪ್ಪು, ಚೆನ್ನೈಗೆ ಹೋದರೆ ಆವಣ ಕಾಪ್ಪಗಂ. ನಮ್ಮವರು ಮೂರೂ ಬಾಗಿಲು ಬಡಿದವರು.

ಯಾಕೆ ಮೂರು ಎಂದರೆ, ನಾವು ಇದ್ದಲ್ಲೇ ಇದ್ದೆವು, ಸರಕಾರಗಳು ಬಂದು ಹೋದವು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ (ನಮ್ಮ ಕರಾವಳಿಯ ಆಗಿನ ಹೆಸರು) ಕಂಪೆನಿಯ ಕೈಗೆ ಬಂತು, ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಕಡೆಗೆ ಹೋಯಿತು, ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ಕ್ಕೆ ಮಂಗಳೂರು ಒಂದು ರಾಜ್ಯ, ಕಾಸರಗೋಡು ಇನ್ನೊಂದು ರಾಜ್ಯ. 1957ರಿಂದ ನಮ್ಮ ಜಿಲ್ಲಾ ಕೇಂದ್ರ ಕಣ್ಣೂರು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಹಾಗಾಗಿ ನಿಮ್ಮ ಅಜ್ಜನ ಅದೇ ಅಡಕೆ ತೋಟದ ಬಗ್ಗೆ ಮದ್ರಾಸಿನ ರೆವೆನ್ಯೂ ಬೋರ್ಡು ಬರೆದದ್ದು ಚೆನ್ನೈಯ ಎಗ್ಮೋರಿನಲ್ಲಿ, ಮಂಗಳೂರಿನ ಕಲೆಕ್ಟರು ಬರೆದದ್ದು ಇನ್ನೊಂದು ಕಡೆ, ಕಣ್ಣೂರಿನವರು ಬರೆದದ್ದು ಮತ್ತೊಂದು ಕಡೆ ಇರಬಹುದು. ಕಂದಾಯದ ರಶೀದಿ ಮಾತ್ರ ಇಲ್ಲೇ ವಿಲೇಜ್ ಆಫೀಸಿನಲ್ಲಿ.

ಎಗ್ಮೋರಿನ ಆವಣ ಕಾಪ್ಪಗಂನ ಕೆಂಪು ಕಟ್ಟಡ 1909ರದ್ದು. ಅಲ್ಲಿ ಹುಡುಕುವಾಗ ಕೆನರಾ ಎಂಬ ಹೆಸರನ್ನು ಇಂಗ್ಲಿಷಿನ ‘ಸಿ’ಯಲ್ಲೂ ನೋಡಿ, ‘ಕೆ’ಯಲ್ಲೂ ನೋಡಿ. ಎರಡೂ ಬರಹ ಬಳಕೆಯಲ್ಲಿದ್ದವು. ಊರಿನ ಹೆಸರುಗಳಂತೂ ಗುಮಾಸ್ತನ ಕಿವಿಗೆ ಕೇಳಿಸಿದ ಹಾಗೆ. ‘ನಮ್ಮ ಊರಿನದ್ದು ಒಂದೂ ಇಲ್ಲ’ ಎಂದು ಸಿಟ್ಟಿನಲ್ಲಿ ಪರಾತಿ ಬರೆಯುವ ಮೊದಲು ಈ ಕೆಲಸ ಮಾಡಿ. ಅರ್ಧ ಪರಾತಿ ಇಲ್ಲೇ ಕರಗುತ್ತದೆ.

ಈಗ ‘ಇಲ್ಲ’ ಎಂಬ ಮಾತಿಗೆ ಬರುತ್ತೇನೆ. ನನ್ನ ಚಿಕ್ಕಪ್ಪನ ಜೊತೆ ಒಂದು ವಾಚನಾಲಯಕ್ಕೆ ಹೋಗಿದ್ದೆ. ಕಚೇರಿಯ ಹೆಸರು ಬೇಡ, ರಾಜ್ಯವೂ ಬೇಡ. ಚೀಲ ಹೊರಗೆ ಇಟ್ಟೆವು, ಪೆನ್ನು ಕಿಸೆಯಲ್ಲೇ ಇಟ್ಟು ಪೆನ್ಸಿಲ್ ಹಿಡಿದೆವು, ಚೀಟಿ ಬರೆದು ಕೊಟ್ಟೆವು. ಮಧ್ಯಾಹ್ನದ ಮೇಲೆ ಚೀಟಿ ವಾಪಸ್ ಬಂತು, ಮೂಲೆಯಲ್ಲಿ ಇಂಗ್ಲಿಷಿನ ಎರಡಕ್ಷರ: ಎನ್.ಟಿ. ಚಿಕ್ಕಪ್ಪ ಅದನ್ನು ‘ಹುಡುಕಿದರೂ ಸಿಗಲಿಲ್ಲ’ ಎಂದು ಓದಿದರು. ಹುಡುಕಲೇ ಇಲ್ಲ ಎಂಬುದು ಅವರ ತೀರ್ಮಾನ. ಬಾಗಿಲ ಬಳಿ ಇದ್ದ ಅಭಿಪ್ರಾಯ ಪುಸ್ತಕದಲ್ಲಿ ಇಡೀ ಪುಟ ತುಂಬಿಸಿದರು: ಫ್ಯಾನು ತಿರುಗುವುದಿಲ್ಲ, ಊಟದ ಹೊತ್ತಿಗೆ ಯಾರೂ ಇಲ್ಲ, ಕನ್ನಡಿಗರೆಂದರೆ ತಾತ್ಸಾರ, ಕಡತ ಕಳೆದಿದ್ದಾರೆ. ಕೆಳಗೆ ದೊಡ್ಡ ಸಹಿ. ಆ ಪುಟಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಬರೆಯುವುದಾದರೂ ಯಾವುದಕ್ಕೆ?

ಎನ್.ಟಿ. ಎಂದರೆ ಸಾಮಾನ್ಯವಾಗಿ ‘ನಾಟ್ ಟ್ರಾನ್ಸ್‌ಫರ್ಡ್’ ಎಂದು ನನಗೆ ಗೊತ್ತಾದದ್ದು ಆಮೇಲೆ. ಪಟ್ಟಿಯಲ್ಲಿ ಹೆಸರುಂಟು, ಕಡತ ಮಾತ್ರ ಮೂಲ ಇಲಾಖೆಯಿಂದ ಪತ್ರಾಗಾರಕ್ಕೆ ಬಂದೇ ಇಲ್ಲ. ಬಾರದ್ದನ್ನು ಕಳೆದಿದ್ದೀರಿ ಎಂದರೆ ಅವರಿಗೂ ಬೇಸರ ಬರುತ್ತದಲ್ಲ. ಇನ್ನೊಂದು ‘ಇಲ್ಲ’ ಉಂಟು: ಕಡತ ಇದೆ, ಆದರೆ ಕಾಗದ ಹಪ್ಪಳದ ಹಾಗೆ ಆಗಿದೆ, ಮುಟ್ಟಿದರೆ ಪುಡಿ, ಹಾಗಾಗಿ ಕೊಡುವುದಿಲ್ಲ. ಮೂರನೆಯದು ನಿಜವಾದ ‘ಇಲ್ಲ’: ಬಂದಿತ್ತು, ಇದ್ದ ಜಾಗದಲ್ಲಿ ಈಗ ಕಾಣುವುದಿಲ್ಲ. ಮೊದಲನೆಯದಕ್ಕೆ ಪರಾತಿ ಹೋಗಬೇಕಾದದ್ದು ಮೂಲ ಇಲಾಖೆಗೆ. ಎರಡನೆಯದಕ್ಕೆ ‘ಮೈಕ್ರೋಫಿಲ್ಮ್ ಇದೆಯೇ, ಸ್ಕ್ಯಾನ್ ಇದೆಯೇ, ದುರಸ್ತಿಯ ಸಾಲಿಗೆ ಸೇರಿಸುತ್ತೀರಾ’ ಎಂದು ಕೇಳಬೇಕು. ಮೂರನೆಯದಕ್ಕೆ ಮಾತ್ರ ಪತ್ರಾಗಾರದ ಮುಖ್ಯಸ್ಥರ ಹೆಸರಿಗೆ ಬರೆಯುವುದು. ಯಾವ ‘ಇಲ್ಲ’ ಎಂದು ಬರಹದಲ್ಲಿ ಕೊಡಿ ಎಂದು ಸುರುವಿಗೇ ಕೇಳಿಬಿಡಿ. ಈ ಒಂದು ಪ್ರಶ್ನೆಗೆ ಬಂದಷ್ಟು ಚುರುಕಿನ ಉತ್ತರ ನನಗೆ ಬೇರೆ ಯಾವುದಕ್ಕೂ ಬಂದಿಲ್ಲ.

ಚಿಕ್ಕಪ್ಪನ ಪುಟ ಹಾಗೆ ಬಿದ್ದ ಮೇಲೆ ನಾನು ಬೇರೆ ಕಾಗದ ಬರೆದೆ. ಹತ್ತು ಸಾಲು. ಇಂಥ ದಿನ ಚೀಟಿ ಕೊಟ್ಟೆವು, ಇಂಥ ಸೂಚಿಯ (ಕಡತಗಳ ಪಟ್ಟಿಯ) ಇಂಥ ಪುಟದಲ್ಲಿ ಈ ನಮೂದು ಉಂಟು, ಸೂಚಿಯ ಪ್ರತಿಯನ್ನು ಸಿಬ್ಬಂದಿಯ ಮೇಜಿನ ಹಿಂದೆ ಇಟ್ಟದ್ದರಿಂದ ಪ್ರತಿ ಸಲ ಕೇಳದೆ ನಮಗೆ ನೋಡಲು ಸಿಗುತ್ತಿಲ್ಲ, ದಯವಿಟ್ಟು ಓದುಗರ ಕೈಗೆ ಎಟಕುವ ಹಾಗೆ ಇಡಿ. ಫ್ಯಾನಿನ ಸುದ್ದಿ ಇಲ್ಲ. ಮುಂದಿನ ಸಲ ಹೋದಾಗ ಸೂಚಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಇತ್ತು, ಹಗ್ಗ ಕಟ್ಟಿ. ಫ್ಯಾನು ಈಗಲೂ ತಿರುಗುವುದಿಲ್ಲ. ಬೆಂಚು ಸರಿಸುವುದು ಆ ವಾಚನಾಲಯದವರ ಕೈಯಲ್ಲೇ ಇತ್ತು, ಫ್ಯಾನಿಗೆ ಬೇರೆ ಇಲಾಖೆಯ ಸಹಿ ಬೇಕು.

ಭಾಷೆಯ ಮಾತು ಹೊರಗಿನವರಿಗೆ ಗೊತ್ತೇ ಇರುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಸಂವಿಧಾನದ 350ನೇ ವಿಧಿ ನೇರವಾಗಿ ಕುಂದುಕೊರತೆಯ ಬಗ್ಗೆಯೇ ಇರುವುದು: ತನ್ನ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಲು ಎಲ್ಲರಿಗೂ ಹಕ್ಕುಂಟು. ಅದರ ಮೇಲೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ, 1973ರಲ್ಲಿ ಅದಕ್ಕೆ ಬಂದ ತಿದ್ದುಪಡಿ. ಅದರ ಪ್ರಕಾರ ಇಲ್ಲಿಯ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಇಲಾಖಾ ಮುಖ್ಯಸ್ಥರಿಗೂ ನಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಬರುತ್ತದಾ? ಕೆಲವೊಮ್ಮೆ. ಒಮ್ಮೆ ನನ್ನ ಕನ್ನಡ ಕಾಗದಕ್ಕೆ ಮಲಯಾಳದಲ್ಲಿ ಮರುಪಡಿ (ಉತ್ತರ) ಬಂತು, ‘ಭಾಷೆ ತಿಳಿಯದ ಕಾರಣ ಪುನಃ ಸಲ್ಲಿಸಿ’ ಎಂದು. ನಾನು ಅದೇ ಕಾಗದವನ್ನು ಮತ್ತೆ ಕಳಿಸಿ, ಕೆಳಗೆ ಕಾಯ್ದೆಯ ಒಂದು ಸಾಲು ಸೇರಿಸಿದೆ. ಎರಡನೆಯ ಮರುಪಡಿ ಕನ್ನಡದಲ್ಲಿತ್ತು. ‘ತಮ್ಮ ಅಪೇಕ್ಷೆ ತಿರಸ್ಕರಿಸಲಾಗಿಲ್ಲ’ ಎಂಬ ವಾಕ್ಯದ ಅರ್ಥ ಮಾಡಿಕೊಳ್ಳಲು ಮನೆಯವರೆಲ್ಲ ಕೂತೆವು.

ನೀವು ಬೆಂಗಳೂರಿನ ವಿಳಾಸದಿಂದ ಬರೆಯುವಾಗ ಈ ಕಾಯ್ದೆಯನ್ನು ಹಿಡಿದು ವಾದಿಸಬೇಡಿ, ಅದು ಇಲ್ಲಿಯ ನಮಗಾಗಿ ಇರುವುದು. ನೀವು ಕನ್ನಡದ ಜೊತೆಗೆ ಇಂಗ್ಲಿಷ್ ಪ್ರತಿಯೊಂದನ್ನು ಪಿನ್ ಮಾಡಿ ಕಳಿಸಿ. ಹಠಕ್ಕಿಂತ ಕಾಗದ ಮುಖ್ಯ, ಅಲ್ವಾ?

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮೇಲ್ಮನವಿಗೆ ಮತ್ತೆ 30 ದಿನ. ಕೇಳಿದ್ದು ಬೇರೆ ಇಲಾಖೆಯಲ್ಲಿದ್ದರೆ 5 ದಿನದೊಳಗೆ ಅಲ್ಲಿಗೆ ದಾಟಿಸಬೇಕು ಎಂದೂ 2005ರ ಕಾಯ್ದೆಯಲ್ಲಿದೆ. ರಾಜ್ಯದ ಗಡಿ ದಾಟಬೇಕಾದಾಗ ಅದನ್ನು ನಂಬಿ ಕೂರಬೇಡಿ, ಮೂರೂ ಕಡೆಗೆ ಬೇರೆಬೇರೆ ಹಾಕಿ. ಒಂದು ನೆನಪಿರಲಿ: ಅದು ಇರುವ ಮಾಹಿತಿ ಕೊಡಿಸುತ್ತದೆ, ಸೂಚಿ ಸರಿಮಾಡಿ ಎಂದು ಯಾರಿಗೂ ಆಜ್ಞೆ ಮಾಡುವುದಿಲ್ಲ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ, ‘ಈ ಕಡತದ ಸ್ಥಿತಿ ಏನು, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಏನು’ ಎಂದು ಕೇಳಿ.

ಮದ್ರಾಸಿನ ಬೋರ್ಡಿನ ನಡಾವಳಿಯ ಪ್ರತಿಗಳು ಲಂಡನ್ನಿಗೂ ಹೋಗಿದ್ದವು, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿವೆ. 2023ರ ಅಕ್ಟೋಬರಿನಲ್ಲಿ ಆ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ಆಗಿ ಕ್ಯಾಟಲಾಗೇ ನಿಂತುಹೋಯಿತು, ಓದುಗರು ಪರದಾಡಿದರು. 2024ರ ಮಾರ್ಚಿನಲ್ಲಿ ಅವರು ಏನಾಯಿತು, ತಮ್ಮ ಹಳೆಯ ವ್ಯವಸ್ಥೆಯ ದೌರ್ಬಲ್ಯ ಯಾವುದು ಎಂದು ತಾವೇ ಬರೆದು ಪ್ರಕಟಿಸಿದರು. ಅವರ ದುಡ್ಡು, ಅವರ ಕಟ್ಟಡ ನಮಗೆ ಬರಲಿಕ್ಕಿಲ್ಲ. ಆದರೆ ‘ಇದು ನಮ್ಮಲ್ಲಿ ಕೆಟ್ಟಿದೆ’ ಎಂದು ಬಾಗಿಲಿಗೆ ಒಂದು ಹಾಳೆ ಅಂಟಿಸಲು ಎಷ್ಟು ದುಡ್ಡು ಬೇಕು? ಎನ್.ಟಿ. ಎಂದರೆ ಏನೆಂದು ವಾಚನಾಲಯದ ಗೋಡೆಯಲ್ಲಿ ಮೂರು ಭಾಷೆಯಲ್ಲಿ ಬರೆದು ಹಾಕಿದ್ದರೆ ನನ್ನ ಚಿಕ್ಕಪ್ಪನ ಒಂದು ಪುಟ ಉಳಿಯುತ್ತಿತ್ತು.

ಸರಿ, ನೀವು ಬರುವಾಗ ಅಜ್ಜನ ಹೆಸರು ಮಾತ್ರ ಸಾಲದು. ಮನೆಯಲ್ಲಿ ಹಳೆಯ ಆಡಂಗಲ್‌ನದ್ದೋ (ಊರಿನ ಜಮೀನು-ಬೆಳೆಯ ಲೆಕ್ಕ) ಪಟ್ಟಾದ್ದೋ (ಜಾಗದ ಹಕ್ಕಿನ ಕಾಗದ) ನಕಲು ಇದ್ದರೆ, ವರ್ಗದ (ಕಂದಾಯಕ್ಕೆ ಬರೆದ ಹಿಡುವಳಿಯ) ನಂಬ್ರ ಕಾಣುವ ಯಾವ ಚಿಂದಿಯಾದರೂ ಆಗಬಹುದು, ತನ್ನಿ. ಮೂಲಗೇಣಿಯಾ (ಕಾಯಂ ಗೇಣಿ) ಚಾಲಗೇಣಿಯಾ (ಕಾಯಂ ಅಲ್ಲದ ಗೇಣಿ) ಎಂದು ಮನೆಯ ಹಿರಿಯರಲ್ಲಿ ಕೇಳಿಟ್ಟುಕೊಳ್ಳಿ. ಮಳೆಗಾಲ ಬಿಟ್ಟು ಬನ್ನಿ, ಆಷಾಢದ ತೇವದಲ್ಲಿ ಹಳೆಯ ಕಟ್ಟು ಬಿಚ್ಚಲು ಅವರಿಗೂ ಮನಸ್ಸಿಲ್ಲ, ನನಗೂ ಧೈರ್ಯ ಇಲ್ಲ. ಮಂಗಳೂರಿನಿಂದ ಲೋಕಲ್ ಹತ್ತಿ ಕುಂಬಳೆಯಲ್ಲಿ ಇಳಿಯಿರಿ. ಮಲಯಾಳದ ಫಾರ್ಮು ನಾನು ತುಂಬಿಸುತ್ತೇನೆ. ಅಪೇಕ್ಷೆ ಉಂಟಾ ಎಂದು ಕೇಳಿದರೆ, ಉಂಟು ಅನ್ನಿ.